ಗಾಡಿಗೂ ಒಂದ ಸೋಮವಾರ

ನನ್ನ ಮೀಸಿ ನೀವು ನೋಡಿಲ್ಲ. ಅದು ನಿಮ್ಮ ನಷ್ಟ, ನಂದಲ್ಲ. ಚಿಕ್ಕೋಡಿ ಬಸ್ ಸ್ಟ್ಯಾಂಡಿನ್ಯಾಗ ಇಳದು "ಮೀಸಿ ಕಾಕಾ ಎಲ್ಲ್ಯದಾನ್ರಿ" ಅಂತ ಯಾರನ್ನರ ಕೇಳ್ರಿ, ಚಾದಂಗಡಿಯಾಂವ ಬಶಿ ಕೆಳಗಿಟ್ಟು ಕೈ ಮಾಡಿ ತೋರಸ್ತಾನ. ದಿನಾ ಮುಂಜಾನೆ ಈ ಮೀಸಿಗೆ ಬೆಚ್ಚನ್ನ ನೀರು, ಸಬಕಾರ, ಒಣಾ ಅರಬಿ, ಆಮ್ಯಾಲ ಕೊಬ್ರಿ ಎಣ್ಣಿ. ಉಳದ ಮೈಗೆ ಎಷ್ಟ ನೀರ ಬೀಳತೈತಿ ಅನ್ನೋದು ನಮ್ಮ ಮನ್ಯಾಕಿಗೆ ಅಷ್ಟ ಗೊತ್ತು. ಆಕಿ ಮರ್ಯಾದಸ್ತ ಮನಿ ಹೆಣ್ಣಮಗಳು, ಹೊರಗ ಹೇಳಂಗಿಲ್ಲ.

ಇಂಥಾಂವ ನಿಮಗ ಕಂಪನಿ ಗಾಡಿ ತೊಳಸೋದರ ಮ್ಯಾಲ ಪುರಾಣಾ ಹಚ್ಚಾಕ ಕುಂತಾನ. ನಗೋದಿದ್ರ ಈಗ ನಕ್ಕ ಮುಗಸ್ರಿ. ಆಮ್ಯಾಲ ಪುರುಸೊತ್ತ ಸಿಗಂಗಿಲ್ಲ.

ಚಿಕ್ಕೋಡ್ಯಾಗ ಒಂದ ಹಾಲಿನ ಕಂಪನಿ ಐತಿ, ಅಲ್ಲಿ ನಾನು ಗಾಡಿ ನೋಡ್ಕೊಳ್ಳಾಂವ. ಮೊದಲ ಡ್ರೈವರ ಇದ್ನಿ. ರಾತ್ರಿ ಕಣ್ಣ ಮಂಜ ಆಗಾಕ ಹತ್ತಿದ ಮ್ಯಾಲ ಸಾವ್ಕಾರ್ರು, "ಕಾಕಾ, ಇನ್ನ ನೀವು ಗಾಡಿ ಹೊಡೀಬ್ಯಾಡ್ರಿ, ಹೊಡ್ಯಾವ್ರನ್ನ ನೋಡ್ಕೋರಿ" ಅಂದ್ರು. ನಮ್ಮ ಪಿಕಪ್ ಗಾಡಿ ಮುಂಜಾನೆ ಒಮ್ಮೆ, ಸಂಜೀಕ ಒಮ್ಮೆ ಹಾಲಿನ ಕ್ಯಾನ್ ಹೊತ್ಗೊಂಡು ಹೊಂಟಾವಂದ್ರ ಕಬ್ಬೂರ ಕಡೆ ಒಂದ, ಯಡೂರ ಕಡೆ ಒಂದ, ಐನಾಪುರಕ್ಕ ಒಂದ, ನಿಪ್ಪಾಣಿ, ರಾಯಬಾಗ, ಅಥಣಿ ಕಡೆ ಒಂದೊಂದ. ಹೋಗುವಾಗ ಎಲ್ಲಾವೂ ಬಿಳೇ ಗಾಡಿ. ಬರುವಾಗ ಒಂದೊಂದಕ್ಕ ಒಂದೊಂದ ಬಣ್ಣ.

ಆ ಬಣ್ಣ ಓದೋ ವಿದ್ಯಾ ನನಗಷ್ಟ ಒಲದೈತಿ, ಕೇಳ್ರಿ. ಗಾಲಿಗೆ ಕರೀ ಎರಿ ಮಣ್ಣ ರೊಟ್ಟಿ ಹಂಗ ಅಂಟಿದ್ರ ಅದು ಕಬ್ಬೂರ. ಬೂದಿ ಹಂಗ ನುಣ್ಣನ್ನ ಹೊಳಿ ಮಣ್ಣಿದ್ರ ಯಡೂರ. ಬಾಗಲಾ ತಗದ ಕೂಡ್ಲೇ ಸೀನು ಬಂದ್ರ ನಿಪ್ಪಾಣಿ ತಂಬಾಕದ ಧೂಳಿ. ಗ್ಲಾಸಿನ ಮ್ಯಾಲ ಹಳದಿ ಪುಡಿ ಕುಂತು ಗಂಧಕ ನಾತ ಹೊಡದ್ರ ಐನಾಪುರದ ದ್ರಾಕ್ಷಿ ತ್ವಾಟದಾಗ ಔಷಧ ಹೊಡದಾರ ಅಂತ ತಿಳಕೋಬೇಕು. ಒಮ್ಮೆ ಒಬ್ಬ ಡ್ರೈವರ, "ಐನಾಪುರಕ್ಕ ಹೋಗಿದ್ನಿ ಕಾಕಾ, ಅದಕ್ಕ ತಡಾ ಆತು" ಅಂದ. ನಾನು ಗಾಡಿ ಕೆಳಗಿಂದ ಒಂದ ಚಿಮಟಿ ಮಣ್ಣ ತಗೊಂಡು ಮೂಸಿ, "ನಿಮ್ಮ ಬೀಗರ ಮನ್ಯಾಗ ಹೋಳಿಗಿ ಮೆತ್ತಗ ಆಗಿದ್ದೂವೇನಪಾ?" ಅಂದ್ನಿ. ಆಂವ ನನ್ನ ಕಾಲ ಹಿಡಿಯೋದೊಂದ ಬಾಕಿ. ಅಂವನ ಬೀಗರ ಊರು ಯಡೂರ. ಹೋಳಿಗಿದು ಅಂದಾಜ ಹೊಡದಿದ್ನಿ, ಅದೂ ತಾಗಿತು. ನಾ ಹೊಡದ ಅಂದಾಜ ಸುಳ್ಳ ಆಗಿದ್ದು ಕಡಿಮಿ.

ಹಿಂಗ ಗಾಡಿ ಹೊತ್ತ ತಂದ ಮಣ್ಣ ನೋಡಿ ನೋಡಿ ನನಗ ಒಂದ ಖರೇ ಮಾತ ತಿಳೀತು. ಗಾಡಿ ಸಾಯೋದು ಓಡಿ ಅಲ್ರಿ, ಹೊತಗೊಂಡ. ಎರಿ ಮಣ್ಣಿಗೆ ಒಂದ ಗುಣ ಐತಿ: ಕುಡದ ನೀರ ಬಿಡಂಗಿಲ್ಲ. ಜ್ವಾಳಕ್ಕ ಅದು ಪುಣ್ಯ, ಕಬ್ಬಣಕ್ಕ ಪಾಪ. ಮ್ಯಾಲ ಬಿಸಲ ಬಿದ್ದು ಗಾಡಿ ಪೂರಾ ಒಣಗಿದ್ರೂ ಹೊಟ್ಟಿ ಕೆಳಗಿನ ಮಣ್ಣ ಹಸೀನ ಇರತೈತಿ, ಅಲ್ಲೇ ಕುಂತು ಜಂಗ, ಅಂದ್ರ ತುಕ್ಕ, ಹತ್ತಸ್ತೈತಿ. ಅದರಾಗ ನಮ್ಮದು ಹಾಲಿನ ಗಾಡಿ. ಕ್ಯಾನಿನಿಂದ ತುಳಕಿದ ಹಾಲು ತಗಡಿನ ಸಂದ್ಯಾಗ ಇಳದು ಹುಳಿ ಆಗತೈತಿ. ಹಿತ್ತಾಳಿ ಭಾಂಡ್ಯಾಗ ಮಜ್ಜಿಗಿ ಇಟ್ಟ ಸೊಸೀಗೆ ಅತ್ತಿ ಏನೇನ ಅಂತಾಳ, ನಿಮಗ ಗೊತ್ತೈತಿ. ಗಾಡಿಗೆ ಹಂಗ ಅನ್ನಾಕ ಅತ್ತಿ ಇಲ್ಲ. ಅದಕ್ಕ ನಾ ಅದೀನಿ.

ಆದ್ರ ನಮ್ಮ ಮಂದಿ ಗಾಡಿ ತೊಳ್ಯಾದು ವರ್ಷಕ್ಕೊಮ್ಮೆ, ಖಂಡೇನವಮಿ ಆಯುಧ ಪೂಜಾಕ್ಕ. ಅವತ್ತ ನೋಡಬೇಕ್ರಿ ಭಕ್ತಿ: ಬಾಳಿ ಕಂಬ, ಚೆಂಡ ಹೂವಿನ ಮಾಲಿ, ಬಾನೆಟ್ಟಿಗೆ ವಿಭೂತಿ, ಮುಂದ ಕಾಯಿ ಒಡದು ಆ ನೀರ ಬಂಪರಿಗೆ. ಆ ಮಾಲಿ ಕೊಳತು ಬಂಪರಿನ ಹಿಂದ ಬಿದ್ದಿದ್ದು ಮುಂದಿನ ಖಂಡೇನವಮಿ ತನಕಾ ಅಲ್ಲೇ. ನಾನು ನೋಡೀನಿ, ಜಂಗ ಮೊದಲ ಹತ್ತೋದು ಭಕ್ತಿ ಹೆಚ್ಚಾದ ಜಾಗಾದಾಗ. ಇದನ್ನ ದೇವ್ರ ಮುಂದೂ ಹೇಳ್ತೀನಿ. ದೇವ್ರಿಗೇನ ಸಿಟ್ಟ ಬರಂಗಿಲ್ಲ, ಅಂವಂದೂ ಒಂದ ಗಾಡಿ ಐತಲ್ಲ.

ಹೋದ ಸಲ ಮಳಿ ಹಿಡದಾಗ ಸಾವ್ಕಾರ್ರು ನಮ್ಮನ್ನೆಲ್ಲಾ ಕರದು ಗಾಡಿ ಸಾಲಿನ ಮುಂದ ನಿಂತ್ರು. ಕಬ್ಬೂರ ಗಾಡಿ ನೋಡಿ ಮೂಗ ಮುಚಗೊಂಡ್ರು.

"ಕಾಕಾ, ಈ ಗುಜರಿ ಭಂಗಾರ ಇನ್ನ ಎಷ್ಟ ದಿನಾ ಎಳೀತೀರಿ? ದೀಪಾವಳಿಗೆ ಎಲ್ಲಾ ಮಾರಿ ಬಿಡೂನು. ಕಂತ್ರಾಟದ ಗಾಡಿ ಹಚ್ಚಿದ್ರ ಅವರ ಗಾಡಿ, ಅವರ ಡ್ರೈವರ, ನಮಗ ತಲಿಬ್ಯಾನಿ ಇಲ್ಲ."

ಡ್ರೈವರಗೋಳ ಮಾರಿ ಸಣ್ಣ ಆದೂವು. ಅದರಾಗ ಕಬ್ಬೂರ ಗಾಡಿ ಹೊಡಿಯೋ ಲಗಮಣ್ಣ ಅಂತೂ ನೆಲಾ ನೋಡಕೋತ ನಿಂತ. ಅಂವಗ ಊರಾಗ ಒಂಚೂರ ಹೊಲಾ, ಒಂದ ಜೋಡಿ ಎತ್ತು. ಮನಿ ನಡ್ಯಾದು ಈ ಗಾಡಿ ಮ್ಯಾಲ. ಗಾಡಿ ಹ್ವಾದ್ರ ಅಂವ ಗಾಡಿ ಇಲ್ಲದ ಡ್ರೈವರ, ಅಂದ್ರ ಮೀಸಿ ಇಲ್ಲದ ನನ್ನಂಗ.

ಮೀಸಿ ನೆನಪಾತು, ಬಾಯಿ ಜಾರಿತು. "ಸಾವ್ಕಾರ, ದೀಪಾವಳಿಕಿಂತ ಮೊದಲ ಈ ಕಬ್ಬೂರ ಗಾಡಿದು ಪಾಸಿಂಗ್ ಐತಿ, ಆರ್‌ಟಿಓ ಸಾಹೇಬ್ರು ತಪಾಸ ಮಾಡತಾರ. ಇದ ಎಲ್ಲಾದ್ರಕಿಂತ ಹೊಲಸ ಗಾಡಿ. ಇದು ಪಾಸ ಆದ್ರ ಯಾವ ಗಾಡಿನೂ ಮಾರಬ್ಯಾಡ್ರಿ. ಆಗಲಿಲ್ಲಂದ್ರ ಎಲ್ಲಾ ಮಾರ್ರಿ, ನಾ ನಿಮ್ಮ ಮುಂದ ಕುಂತು ಮೀಸಿ ಬೋಳಸ್ಕೋತೀನಿ."

ಸಾವ್ಕಾರ್ರಿಗೆ ಗಾಡಿ ಮ್ಯಾಲ ಪ್ರೀತಿ ಇರಲಿಲ್ಲ, ನನ್ನ ಮೀಸಿ ಬೋಳಸೋದು ನೋಡಬೇಕನ್ನೋ ಆಸೆ ಮಾತ್ರ ಭಾಳ ದಿನದ್ದು. "ಆತ ನಡೀರಿ" ಅಂದ್ರು.

ಲಗಮಣ್ಣನ ಗಾಡಿ ಯಾಕ ಹಂಗ ಇತ್ತು ಅಂದ್ರ, ಅಂವ ಸೋಂಭೇರಿ ಅಲ್ಲ, ಭಕ್ತ. ಚಿಂಚಲಿ ಮಾಯಕ್ಕ ದೇವಿಗೆ ನಡಕೊಳ್ಳಾಂವ. ಅಲ್ಲಿಂದ ತಂದ ಭಂಡಾರ, ಅಂದ್ರ ಅರಿಷಿಣ ಪುಡಿ, ಗಾಡಿ ತುಂಬ ಉಗ್ಗಿದ್ದ. ಅದರ ಮ್ಯಾಲ ಮಣ್ಣ, ಮಣ್ಣಿನ ಮ್ಯಾಲ ಮುಂದಿನ ಸಲದ ಭಂಡಾರ. ಕಡದ್ರ ಮೈಸೂರ ಪಾಕ ಹಂಗ ಪದರ ಕಾಣತಿದ್ದೂವು. "ತೊಳಸೋ" ಅಂದ್ರ, "ದೇವ್ರ ಭಂಡಾರ ರಾಡ್ಯಾಗ ಬಿಡ್ಲೇನ್ರಿ ಕಾಕಾ? ಆಕೀನ ಈ ಗಾಡಿ ನಡಸ್ಯಾಳ" ಅಂತಿದ್ದ. ದೇವ್ರ ಹೆಸರ ಬಂದ ಮ್ಯಾಲ ಸುಪರವೈಜರನ ಮಾತ ನಡ್ಯಂಗಿಲ್ಲ. ನಾನೂ ಬಾಯಿ ಮುಚ್ಚಿದ್ನಿ. ಆದ್ರ ನಾ ಬಾಯಿ ಮುಚ್ಚಿದ್ರ ನನ್ನ ಕೈ ಕೆಲಸಾ ಚಾಲೂ ಮಾಡತಾವ, ಇದು ಸಣ್ಣಾಂವ ಇದ್ದಾಗಿಂದ ಬಂದ ರೋಗ.

ಒಂದ ಸೋಮವಾರ ಕಬ್ಬೂರಿಗೆ ಹ್ವಾದ್ನಿ. ಸೋಮವಾರ ನಮ್ಮ ಕಡೆ ಎತ್ತ ಹೂಡಂಗಿಲ್ಲ. ಸೋಮವಾರ ಅಂದ್ರ ಬಸವಣ್ಣನ ದಿನಾ. ಎಂಥಾ ಅವಸರದ ಬಿತ್ತಗಿ ಇರಲಿ, ಅವತ್ತ ಎತ್ತಿಗೆ ಮೈ ತೊಳದು, ಹಣಿಗೆ ವಿಭೂತಿ ಹಚ್ಚಿ, ಮೇವ ಹಾಕಿ ಬಿಡೋದು. ಲಗಮಣ್ಣನ ಮನಿ ಮುಂದ ನೋಡತೀನಿ, ಜೋಡಿ ಎತ್ತ ಬೆಣ್ಣಿ ಮುದ್ದಿ ಹಂಗ ಹೊಳ್ಯಾಕತ್ತಾವ. ಕೊರಳಾಗ ಗೆಜ್ಜಿ, ಕೋಡಿಗೆ ಹುರಮಂಜ ಬಣ್ಣ. ಬಾಜೂಕ ಕಂಪನಿ ಗಾಡಿ ಹೆಂಡಿ ತಿಪ್ಪಿ ಹಂಗ ನಿಂತೈತಿ. ಲಗಮಣ್ಣ ಒಳಗ ಊಟಕ್ಕ ಕುಂತಿದ್ದ.

ನಾ ಏನ ಮಾಡಿದ್ನಿ ಅಂತ ನಿಮಗ ಗೊತ್ತಾಗಿರಬೇಕು. ಗಾಡಿ ಗಾಲಿಗೆ ಹತ್ತಿದ ಎರಿ ಮಣ್ಣ ಕಿತ್ತು, ಎತ್ತ ನೀರ ಕುಡಿಯೋ ಬಾನ್ಯಾಗಿನ ನೀರಾಗ ಕಲಸಿ, ಎಡಗಡೆ ಎತ್ತಿಗೆ ಕಾಲಿನಿಂದ ಹಿಣಲಿನ ತನಕಾ ಗ್ವಾಡಿಗೆ ಗಿಲಾಯ ಮಾಡಿದಂಗ ಮೆತ್ತಿದ್ನಿ. ಎತ್ತ ಸುಮ್ನ ನಿಂತಿತ್ತು. ಭಾಳ ಒಳ್ಳೇ ಎತ್ತು. ಬಲಗಡೆ ಎತ್ತಿಗೆ ಕೈ ಹಚ್ಚಿದ್ನಿ, ಅದು ಅಷ್ಟ ಒಳ್ಳೇದ ಇರಲಿಲ್ಲ. ಝಾಡಿಸಿ ಒಂದ ಒದ್ದ ಹೊಡತಕ್ಕ ನಾನು ಧೋತ್ರ ಸಮೇತ ಬಾನ್ಯಾಗ ಕುಂತಿದ್ನಿ.

ಸಪ್ಪಳಕ್ಕ ಲಗಮಣ್ಣ ಕೈಯಾಗಿನ ರೊಟ್ಟಿ ಹಿಡಕೊಂಡ ಹೊರಗ ಬಂದ. ಎತ್ತ ನೋಡಿದ, ನನ್ನ ನೋಡಿದ.

"ಯಾರ ಮಾಡಿದ್ದಿದು? ಕೈ ಮುರೀತೀನಿ ಅಂವಂದು."

"ಸಿಟ್ಟ್ಯಾಕಪಾ," ಬಾನ್ಯಾಗಿಂದನ ಅಂದ್ನಿ. "ದೇವ್ರ ಗಾಡಿ ಮ್ಯಾಲಿನ ಮಣ್ಣದು, ಭಂಡಾರ ಸೈತ ಐತಿ. ಇರಲಿ ಬಿಡು, ಎತ್ತಿಗೆ ಪುಣ್ಯ ಬರತೈತಿ."

"ಸೋಮವಾರ ದಿನಾ ಬಸವಣ್ಣಗ ರಾಡಿ ಹಚ್ಚಿ ಪುಣ್ಯಾ ಅಂತೀರಿ? ಎತ್ತಿನ ಕೈಯಾಗ ದುಡಿಸಿಗೊಂಡ ತಿಂತೀವ್ರಿ ನಾವು. ಮೈ ತೊಳೀದಿದ್ರ ಉಣ್ಣಿ ಹತ್ತತಾವ, ಚರ್ಮಾ ಕೆಡತೈತಿ. ಇಷ್ಟ ವಯಸ್ಸಾಗೈತಿ, ತಿಳ್ಯಂಗಿಲ್ಲೇನು?"

"ನನಗ ತಿಳೀತೈತಿ. ಆ ಇನ್ನೊಂದ ಎತ್ತ ನಾಕ ಗಾಲಿದು ನಿಂತೈತಲ್ಲ, ಅದರ ಕೈಯಾಗ ದುಡಿಸಿಗೊಂಡ ತಿನ್ನಾವ್ರು ಯಾರು?"

ಲಗಮಣ್ಣ ರೊಟ್ಟಿ ನೋಡಿದ. ಅದು ಗಾಡಿ ದುಡದ ರೊಟ್ಟಿ ಅನ್ನೋದು ಅಂವಗೂ ಗೊತ್ತಿತ್ತು. ಆದ್ರ ಸೋಲಲಿಲ್ಲ. "ಭಂಡಾರದ ಮಾತ ಬ್ಯಾರೆ ಐತ್ರಿ" ಅಂದ.

ಅಂವನ ಹೆಂಡ್ತಿ ಕಸ್ತೂರಿ ಹೊಸ್ತಲದಾಗ ನಿಂತ ಎಲ್ಲಾ ಕೇಳಾಕತ್ತಿದ್ಲು. ನಕ್ಕಳು ಅನ್ಕೋಬ್ಯಾಡ್ರಿ. "ಏನ ಬ್ಯಾರೆ? ನಾ ದಿನಾ ಹಣಿಗೆ ಕುಂಕಮಾ ಹಚಗೋತೀನಿ, ಮರುದಿನಾ ಜಳಕಾ ಮಾಡಿ ಮತ್ತ ಹೊಸಾದ ಹಚಗೋತೀನಿ. ತೊಳಕೊಂಡ್ರ ದೇವ್ರ ಸಿಟ್ಟಾಗಿ ಹೊಕ್ಕಾನೇನ? ಲಗ್ನದಾಗ ಹಚ್ಚಿದ್ದ ಕುಂಕಮಾ ಹಂಗ ಇಟಗೊಂಡಿದ್ರ ನೀ ನನ್ನ ಮಾರಿ ನೋಡತಿದ್ದಿಯೇನು?" ಅಂತ ಅಂವಗ ಅಂದು, ನನ್ನ ಕಡೆ ತಿರುಗಿದ್ಲು. "ಮತ್ತ ನೀವ್ರಿ ಕಾಕಾ, ಏಳ್ರಿ ಬಾನ್ಯಾಗಿಂದ. ಎತ್ತ ಹೊಲಸ ಮಾಡಿದವ್ರ ತೊಳೀಬೇಕು. ತಿಕ್ಕಾಕ ಹುಲ್ಲಿನ ಸಿಂಬಿ ಅಲ್ಲೈತಿ."

ಕಸ್ತೂರಿ ಕಟ್ಟಿ ಮ್ಯಾಲ ಕುಂತು ಹೇಳಿದಂಗ ಎರಡೂ ಎತ್ತು ತಿಕ್ಕಿ ತಿಕ್ಕಿ ತೊಳದ್ನಿ. ಸುಪರವೈಜರ ಎತ್ತಿನ ಮೈ ತೊಳ್ಯಾದು ನೋಡಾಕ ಅರ್ಧ ಓಣಿ ನೆರದಿತ್ತು. ಸಲಹಾ ಕೊಡಾವ್ರಿಗೆ ಕಡಿಮಿ ಇರಲಿಲ್ಲ. ಬಾಲದ ಬುಡಕ್ಕ ಮಣ್ಣ ಉಳದೈತಿ ಅಂತ ಒಬ್ಬ ಮುದುಕಿ ದೂರಿಂದ ಕೋಲ ಮಾಡಿ ತೋರಸಿದ್ಲು. ನಾ ಸೋತ್ನಿ ಅಂತ ಅನ್ನಬ್ಯಾಡ್ರಿ. ಮರುದಿನಾ ಮುಂಜಾನೆ ಲಗಮಣ್ಣ ಹಾಲ ಇಳಿಸಿ, ನಾ ಏನೂ ಅನ್ನೂಕಿಂತ ಮೊದಲ, "ಎಲ್ಲಿ ತೊಳಸಬೇಕ ಹೇಳ್ರಿ" ಅಂದ.

ನಿಪ್ಪಾಣಿ ರಸ್ತಾದ ಮ್ಯಾಲ ಸುರೇಖಾಬಾಯಿ ಅಂತ ಒಬ್ಬಾಕಿದು ವಾಶಿಂಗ್ ಸೆಂಟರ ಐತಿ. ಮನ್ಯಾಗ ಮರಾಠಿ, ಗಿರಾಕಿಗೆ ಕನ್ನಡ, ಬೈಯಾಕ ಎರಡೂ. ಗಾಡಿ ಎತ್ತೋ ರ‍್ಯಾಂಪು, ಗನ್ನಿನಂಗ ನೀರ ಹೊಡಿಯೋ ಪಂಪು, ಬುರುಗಿನ ಸಬಕಾರ, ಗಾಳಿ ಹೊಡದ ಒಣಸೋ ಪೈಪು, ಎಲ್ಲಾ ಆಕಿ ಕಡೆ ಐತಿ. ಮನ್ಯಾಗ ಬಕೇಟ ನೀರ ಹಾಕಿದ್ರ ಸಾಲಂಗಿಲ್ಲೇನ ಅಂತ ನೀವು ಕೇಳಬಹುದು. ಕನ್ಯಾ ತೋರಸಾಕ ಮಾರಿಗೆ ಪೌಡರ ಹಚ್ಚಿದಂಗ ಆಗತೈತಿ ಅದು. ಮಾರಿ ಬೆಳ್ಳಗ, ಹೊಟ್ಟ್ಯಾಗ ರೋಗ ಹಂಗ. ಮ್ಯಾಲ ಮಣ್ಣಿದ್ದಾಗ ಅರಬೀಲೆ ತಿಕ್ಕಿದ್ರ ಬಣ್ಣಾನೂ ಕೆತ್ತಿ ಹೋಗತೈತಿ. ಗಾಡಿದು ಆಯುಷ್ಯ ಇರೋದು ಹೊಟ್ಟಿ ಕೆಳಗ, ಚಾಸಿ ಸಂದ್ಯಾಗ. ಅಲ್ಲಿ ನೀರ ಜೋರಿಲೆ ಹೋಗಬೇಕು, ಹೋದ ನೀರ ಪೂರಾ ಒಣಗಬೇಕು, ಒಣಗಿದ ಮ್ಯಾಲ ಎಣ್ಣಿ ಹೊಡೀಬೇಕು. ತೊಳದು ಹಸೀ ಬಿಡೋದು ತೊಳೀದ್ದಕ್ಕಿಂತ ಕೇಡು. ಇದು ನನ್ನ ಸ್ವಂತ ಸಿದ್ಧಾಂತ, ಮೀಸಿ ಮ್ಯಾಲ ಪ್ರಯೋಗ ಮಾಡಿ ಕಂಡಕೊಂಡದ್ದು.

ಗಾಡಿ ನೋಡಿ ಸುರೇಖಾಬಾಯಿ ಸೆರಗ ಸೊಂಟಕ್ಕ ಸಿಗಿಸಿದ್ಲು. "ಅರೇ ದೇವಾ. ಕಾಕಾ, ಇದನ್ನ ತೊಳ್ಯಾಕ ತಂದೀರೋ ಬಿತ್ತಾಕ ತಂದೀರೋ? ಇದರಾಗ ಜ್ವಾಳಾ ಬೆಳೀತೈತಿ."

ಪಂಪ ಚಾಲೂ ಆತು. ಕರೀ ನೀರು, ಹಳದಿ ನೀರು, ಮತ್ತ ಕರೀ ನೀರು. ಕೊಳತ ಮಾಲಿ, ಒಣಗಿದ ಲಿಂಬಿ ಹಣ್ಣು, ಯಾವುದೋ ಕಾಯಿ ಚಿಪ್ಪು ಬಿದ್ದೂವು. ಲಗಮಣ್ಣ ಕೈ ಮುಗದು ನಿಂತಿದ್ದ. ಆಗ ಧಡ್ ಅಂತ ಹಿಂದಿನ ಮಡಗಾರ್ಡ ಕಳಚಿ ನೆಲಕ್ಕ ಬಿತ್ತು.

ಆ ಮಡಗಾರ್ಡ ಹಿಡಕೊಂಡಿದ್ದು ಬೋಲ್ಟ ಅಲ್ಲ, ಮಣ್ಣು.

"ನೋಡ್ರಿ," ಲಗಮಣ್ಣ ಮಡಗಾರ್ಡ ಎತ್ತಿ ಹಿಡದ. "ತೊಳೀದ ಇದ್ದಾಗ ಬರೋಬರಿ ಇತ್ತು. ತೊಳದ ಮುರದ್ರಿ. ಇನ್ನ ಪಾಸಿಂಗ್ ಎಲ್ಲೀದು, ನನ್ನ ಕೆಲಸಾ ಎಲ್ಲೀದು."

ನನ್ನ ಕೈ ತಾನ ಮೀಸಿ ಮ್ಯಾಲ ಹೋತು. ಖರೇ ಹೇಳ್ತೀನಿ, ಅವತ್ತ ನನಗೂ ಅಳಕ ಹುಟ್ಟಿತ್ತು. ಸುರೇಖಾಬಾಯಿ ಮಾತ್ರ ಗಾಡಿ ಕೆಳಗ ಬಗ್ಗಿ ಒಂದ ಕಡೆ ಬೆರಳ ಮಾಡಿದ್ಲು. "ಮಡಗಾರ್ಡ ಬಿಡ್ರಿ, ವೆಲ್ಡಿಂಗ್ ಮಾಡಸ್ರಿ. ಇಲ್ಲಿ ನೋಡ್ರಿ ಮೊದಲ." ಬ್ರೇಕಿನ ಪೈಪ ಜಂಗ ತಿಂದು ಹಪ್ಪಳದಂಗ ಆಗಿತ್ತು. ಅಂಚಿಗೆ ಒಂದ ಹನಿ ಎಣ್ಣಿ ಮೂಡಿ ನಿಂತಿತ್ತು. ಮಣ್ಣ ಇದ್ದಾಗ ಆ ಹನಿ ಯಾರಿಗೂ ಕಂಡಿರಲಿಲ್ಲ. ಆ ಗಾಡಿ ದಿನಾ ಹಾಲ ತುಂಬಕೊಂಡು ಇಳಕಲ ಇಳದ ಬರತಿತ್ತು, ಸ್ಟೇರಿಂಗ್ ಹಿಂದ ಲಗಮಣ್ಣ ಕುಂತಿರತಿದ್ದ.

ಲಗಮಣ್ಣ ಆ ಹನಿ ಬೆರಳಿಲೆ ಒರಸಿದ. ಆಮ್ಯಾಲ, "ಆಕೀನ ತೋರಿಸ್ಯಾಳ" ಅಂದ. ಮಾಯಕ್ಕನೋ, ಸುರೇಖಾಬಾಯಿನೋ, ನಾ ಕೇಳಲಿಲ್ಲ.

ಪೈಪ ಹೊಸಾದ ಹಾಕಸಿ, ಮಡಗಾರ್ಡ ವೆಲ್ಡಿಂಗ್ ಮಾಡಿಸಿದ್ವಿ. ಅವತ್ತಿಂದ ನನ್ನ ಸಿದ್ಧಾಂತಕ್ಕ ಇನ್ನೊಂದ ಕಾಲ ಬಂತು. ತೊಳಸೋದು ಚಂದ ಕಾಣಾಕ ಅಂತಾರ. ಅಲ್ರಿ, ತೊಳಸೋದು ಗಾಡಿ ನಮಗ ಕಾಣಾಕ. ಮಣ್ಣ ಇದ್ದಲ್ಲಿ ಗಾಯ ಕಾಣಂಗಿಲ್ಲ. ಗಾಯ ಸಣ್ಣದಿದ್ದಾಗ ಕಂಡ್ರ ಪಟ್ಟಿ ಕಟ್ಟಬಹುದು, ದೊಡ್ಡದಾದ ಮ್ಯಾಲ ಕಂಡ್ರ ಭಂಗಾರಕ್ಕ ಹಾಕಬೇಕು.

ದೇವ್ರ ಕಂಪನಿ ವಿಚಾರ ಮಾಡ್ರಿ ಬೇಕಾದ್ರ. ಅಷ್ಟೂ ದೇವ್ರಿಗೂ ಒಂದೊಂದ ವಾಹನ: ಶಿವಗ ನಂದಿ, ಗಣಪ್ಪಗ ಇಲಿ, ವಿಷ್ಣುಗ ಗರುಡ. ಎಷ್ಟ ಯುಗ ಆತು, ಒಂದರ ವಾಹನ ಬದಲಿ ಆಗೈತಿ ಅಂತ ಕೇಳೀರಿ? ಕಂತ್ರಾಟಕ್ಕ ಕೊಟ್ಟಾರ ಅಂತ ಕೇಳೀರಿ? ಗುಡಿಗೆ ಹೋಗಿ ನೋಡ್ರಿ, ಪೂಜಾರಿ ಲಿಂಗಕ್ಕ ನೀರ ಹಾಕಿ ಕೊಡಾ ಖಾಲಿ ಮಾಡಂಗಿಲ್ಲ, ನಂದಿ ಪಾಲಿನ ನೀರ ಅದರಾಗ ಇರತೈತಿ. ಮಾಲಕನ ಜಳಕಾ ಆದ್ರ ಗಾಡಿದೂ ಆಗಬೇಕು, ಇದು ಅಲ್ಲೀ ಕಾಯದೆ. ನಮ್ಮ ಸಾವ್ಕಾರ್ರಿಗೆ ಇದನ್ನ ಹೇಳಿದ್ನಿ. ಅವರು, "ನಾ ದಿನಾ ಜಳಕಾ ಮಾಡತೀನಿ ಕಾಕಾ, ನಿಮ್ಮದ ಏನ್ ಹೇಳ್ರಿ" ಅಂದ್ರು. ದೊಡ್ಡವರ ಮಾತ ನಾ ಮನಸಿಗೆ ಹಚಗೊಳ್ಳಂಗಿಲ್ಲ.

ತೊಳಸೋ ದಿನಾ ಗೊತ್ತ ಮಾಡಬೇಕಾತು. ನಾ ಸೋಮವಾರ ಅಂದ್ನಿ. ನಮ್ಮ ಡ್ರೈವರಗೋಳು ಎಲ್ಲಾರೂ ಎತ್ತ ಕಟ್ಟಿದ ಮನಿಯವ್ರು. ಗಾಡಿ ತೊಳಸ್ರಿ ಅಂದ್ರ ಕಿವಿ ಮುಚಗೋತಾರ, ಇವತ್ತ ಗಾಡಿದು ಸೋಮವಾರ ಅಂದ್ರ ಇಲ್ಲ ಅನ್ನಾಕ ಬಾಯಿ ಬರಂಗಿಲ್ಲ. ಆದ್ರ ಎಲ್ಲಾ ಗಾಡಿ ಒಂದ ದಿನಾ ನಿಂತ್ರ ಸುರೇಖಾಬಾಯಿ ಅಂಗಳ ಸಾಲಂಗಿಲ್ಲ. ಅದಕ್ಕ ಸೋಮವಾರನ ಹಂಚಿ ಬಿಟ್ಟ್ನಿ. ಯಡೂರ ಗಾಡಿಗೆ ಮಂಗಳವಾರ ಸೋಮವಾರ. ಐನಾಪುರ ಗಾಡಿಗೆ ಗುರುವಾರ ಸೋಮವಾರ. ಮುಂಜಾನೆ ಹಾಲ ಇಳಿಸಿ ಸಂಜೀ ಹಾಲಿಗೆ ಹೋಗೋದರೊಳಗ ಮೈ ತೊಳದು, ಒಣಸಿ, ಎಣ್ಣಿ ಹೊಡದು, ಹೊಸಾ ಭಂಡಾರ ಒಂದ ಚಿಮಟಿ ಗ್ಲಾಸಿಗೆ. ಒಂದ ವಾರದಾಗ ಇಷ್ಟ ಸೋಮವಾರ ಕೂಡಸಿದಾಂವ ಪಂಚಾಂಗ ಬರ್ಯಾವ್ರಾಗೂ ಯಾರೂ ಇಲ್ಲ.

ಮಳಿಗಾಲ ಮುಗೀತು. ಪಾಸಿಂಗ್ ದಿನಾ ಬಂತು. ನಾನೂ ಹೊಂಟ ನಿಂತ್ರ ಲಗಮಣ್ಣ ಅಡ್ಡ ಬಂದ. "ನೀವು ಬ್ಯಾಡ್ರಿ ಕಾಕಾ. ಸಾಹೇಬ್ರ ಮುಂದೂ ಏನರ ಚ್ಯಾಷ್ಟಿ ಮಾಡತೀರಿ. ಇಲ್ಲೇ ಮೀಸಿ ತಿರವಕೋತ ಕುಂದ್ರಿ."

ಕುಂತ್ನಿ. ತಿರವಾಕ ಕೈ ಬರಲಿಲ್ಲ.

ಮಧ್ಯಾಹ್ನಕ್ಕ ಲಗಮಣ್ಣ ಬಂದ. ನಡಕೋತ. ಗಾಡಿ ಇಲ್ಲ. ಮಾರಿ ಇಳಿಬಿಟ್ಟಿದ್ದ. ಅಂವನ ಹಿಂದ ಕಟಿಂಗ್ ಅಂಗಡಿ ಮಹಾದೇವ, ಬಗಲಾಗ ಕತ್ತರಿ ಚೀಲಾ. ಸಾವ್ಕಾರ್ರು ಪಡಸಾಲಿಗೆ ಬಂದ ನಿಂತ್ರು. ಲಗಮಣ್ಣ ನನ್ನ ಕಣ್ಣಾಗ ಕಣ್ಣಿಟ್ಟ ನೋಡಲಿಲ್ಲ. "ಹಣೇಬಾರ್ರಿ ಕಾಕಾ" ಅಂದ, ಅಷ್ಟ.

ಕೊಟ್ಟ ಮಾತು. ಒಂದ ಖಾಲಿ ಕ್ಯಾನ್ ಬೋರಲ ಹಾಕಿ ಕುಂತ್ನಿ. ಮಹಾದೇವ ಕೊರಳಿಗೆ ಅರಬಿ ಸುತ್ತಿ ಬುರುಗ ಹಚ್ಚಿದ. ಬ್ಲೇಡ ಬದಲಿ ಮಾಡಿದ ಸಪ್ಪಳ ಕೇಳಸ್ತು. ಕಣ್ಣ ಮುಚ್ಚಿದ್ನಿ. ಮೀಸಿಗೆ ಅಷ್ಟ ಮರಗಲಿಲ್ಲ, ನಂಬ್ರಿ ಬಿಡ್ರಿ. ಮೀಸಿ ಹ್ವಾದ್ರ ಮತ್ತ ಬೆಳೀತೈತಿ, ಕಬ್ಬೂರ ಗಾಡಿ ಹ್ವಾದ್ರ ಬೆಳ್ಯಂಗಿಲ್ಲ. ನಾಳಿಂದ ಈ ಅಂಗಳದಾಗ ಯಾರ್ಯಾರದೋ ಗಾಡಿ ನಿಲ್ಲತಾವ, ನಾನು ಮಣ್ಣ ಮೂಸಿ ಯಾರ ಬೀಗರ ಊರ ಹೇಳ್ಲಿ?

ಆಗ ಗೇಟಿನ್ಯಾಗ ಹಾರ್ನ ಹೊಡೀತು. ಆ ಹಾರ್ನ ನನಗ ಗೊತ್ತಿತ್ತು, ನೆಗಡಿ ಬಂದ ಎಮ್ಮಿ ಹಂಗ ಒದರೋದು. ಕಣ್ಣ ತಗದ್ರ ಕಬ್ಬೂರ ಗಾಡಿ. ಯಡೂರ ಲೈನಿನ ಡ್ರೈವರ ಹೊಡಕೊಂಡ ಬರಾಕತ್ತಾನ, ಮುಂದಿನ ಸೀಟಿನ್ಯಾಗ ಕಸ್ತೂರಿ ಪೇಢೆದ ಡಬ್ಬಿ ಹಿಡಕೊಂಡ ಕುಂತಾಳ.

"ಪಾಸಾತ್ರಿ ಕಾಕಾ," ಲಗಮಣ್ಣ ಈಗ ನೋಡಿದ ನನ್ನ ಕಣ್ಣಾಗ. "ಸಾಹೇಬ್ರು ಗಾಡಿ ಕೆಳಗ ಬಗ್ಗಿ ನೋಡಿ, ಇದು ಖರೇನ ಹಳೇ ಗಾಡಿ ಏನ ಅಂತ ಕೇಳಿದ್ರು. ನಮ್ಮ ಎತ್ತಿಗೆ ರಾಡಿ ಹಚ್ಚಿದ್ದು ಫಿಟ್ಟಂಫಾಟ, ಲೆಕ್ಕಾ ಚುಕ್ತಾ."

ಸಾವ್ಕಾರ್ರು ಕಂಬಾ ಹಿಡಕೊಂಡ ನಗಾಕತ್ತಿದ್ರು. ಎಲ್ಲಾರಿಗೂ ಗೊತ್ತಿತ್ತು, ನನಗೊಬ್ಬಾವಗ ಇಲ್ಲ. ಜೀವನದಾಗ ಮಂದೀಗೆ ಇಷ್ಟ ಚ್ಯಾಷ್ಟಿ ಮಾಡೀನಿ, ಇಷ್ಟ ಚಂದದ್ದ ಒಂದೂ ಮಾಡಿಲ್ಲ. ಹೊಟ್ಟಿ ಉರೀತು. "ಗಾಡಿ ಇರಲಿ ಬಿಡ್ರಿ, ಇನ್ನ ಒಂದನೂ ಮಾರಂಗಿಲ್ಲ" ಅಂತ ಸಾವ್ಕಾರ್ರು ಪೇಢೆ ಬಾಯಾಗಿಟಗೊಂಡ ಅಂದಾಗ ತಣ್ಣಗಾತು.

ಮಹಾದೇವ ಬುರುಗ ಒರಸಿ ಮೀಸಿ ಮುಟ್ಟಿ ನೋಡಿದ. "ಕಾಕಾ, ತಲಿ ನೋಡಿದ್ರ ಯಾವಾಗೋ ಬೋಳಾಗೈತಿ. ಮೀಸಿ ಇನ್ನೂ ಇಷ್ಟ ದಪ್ಪ ಹೆಂಗ ಉಳದೈತ್ರಿ? ಎರಡೂ ಒಂದ ವಯಸ್ಸಿನೂವಲ್ಲ?"

ನಾ ಉತ್ತರ ಕೊಡೂಕಿಂತ ಮೊದಲ ಕಸ್ತೂರಿ ಕೊಟ್ಟಳು. "ಕಳಕೊಂಡೇನು ಅಂತ ಅಂಜಿಕಿ ಇದ್ದದ್ದನ್ನಷ್ಟ ದಿನಾ ತೊಳದಾರ. ಕಾಕಾ, ನಿಮ್ಮ ಫಟಫಟಿಗೆ ಯಾವ ವಾರ ಸೋಮವಾರ್ರಿ?"

ನನ್ನ ಫಟಫಟಿ, ಅಂದ್ರ ಮೋಟರ ಸೈಕಲ್ಲು, ಗೇಟಿನ ಬಾಜೂಕ ನಿಂತಿತ್ತು. ಎಲ್ಲಾರೂ ಅದರ ಕಡೆ ನೋಡಿದ್ರು. ಹಳೇದ ತಗೊಂಡಿದ್ನಿ ಅದನ್ನ, ತಗೊಂಡಾಗಿಂದ ಮಳಿ ಬಿಟ್ರ ಬ್ಯಾರೆ ಯಾರೂ ತೊಳದಿರಲಿಲ್ಲ. ಮರುದಿನಾ ಮಾರಿ ಮುಚಗೊಂಡು ಸುರೇಖಾಬಾಯಿ ಕಡೆ ಒಯ್ದ್ನಿ. ಪಂಪ ಹೊಡದ್ಲು, ಮಣ್ಣ ಇಳೀತು, ಇಬ್ಬರೂ ಬಗ್ಗಿ ನೋಡಿದ್ವಿ.

ಗಾಡಿ ಹಸರ ಇತ್ತು. ಇಷ್ಟ ವರ್ಷ ನಾ ಅದನ್ನ ಕರೀದು ಅಂತ ತಿಳಕೊಂಡ ಹೊಡದಿದ್ನಿ.